ಕಿಂಗ್ ಕ್ರಿಮ್ಸನ್: ಮೂರು ತಂಡಗಳು, ಮೂರು ಆಲ್ಬಂಗಳು

1969ರಿಂದ 2021ರವರೆಗೆ ನಡುನಡುವೆ ಚದುರಿ ಮತ್ತೆ ಕೂಡಿಕೊಂಡ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್‌ನಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದವರು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬರೇ. ಜೊತೆಗಾರರು ಬದಲಾದಾಗಲೆಲ್ಲ ಸಂಗೀತವೂ ಬದಲಾದ್ದರಿಂದ, ಈ ಬ್ಯಾಂಡನ್ನು ಎಲ್ಲಿಂದ ಕೇಳತೊಡಗಬೇಕು ಎಂದು ಯೋಚಿಸುವವರು ಮೊದಲು ತಂಡವನ್ನು ಆರಿಸಿಕೊಳ್ಳಬೇಕಾಗುತ್ತದೆ. 1969, 1974 ಮತ್ತು 1981ರ ಆಲ್ಬಂಗಳನ್ನು ಒಂದೇ ಹೆಡ್‌ಫೋನಿನಲ್ಲಿ, ಒಂದರ ಬೆನ್ನಿಗೊಂದು, ಮತ್ತೆ ಮತ್ತೆ ಕೇಳಿ ನಾನು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲ ಆಲ್ಬಂ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ಗೆ ಅದರ ವೈಭವ ಬಂದಿರುವುದು ಹೆಚ್ಚಾಗಿ ಇಯಾನ್ ಮೆಕ್‌ಡೊನಾಲ್ಡ್ ಅವರಿಂದ. ಸ್ಯಾಕ್ಸೋಫೋನ್ ಮತ್ತು ಕೊಳಲುಗಳ ಜೊತೆಗೆ ಅವರು ಮೆಲೊಟ್ರಾನನ್ನೂ ನುಡಿಸಿದ್ದಾರೆ. ಕೀಲಿ ಒತ್ತಿದೊಡನೆ ಮೊದಲೇ ಮುದ್ರಿಸಿಟ್ಟ ಟೇಪಿನ ಪಟ್ಟಿ ಓಡಿ ಪಿಟೀಲುಗಳ ಸಮೂಹದಂತೆ ಮೊಳಗುವ ಆ ವಾದ್ಯದ ಮೇಲೆ ಗ್ರೆಗ್ ಲೇಕ್ ಅವರ ತುಂಬುಕಂಠ ಸಲೀಸಾಗಿ ತೇಲುತ್ತದೆ. ಮೈಕೆಲ್ ಗೈಲ್ಸ್ ಡ್ರಮ್ಸ್‌ನಲ್ಲಿ ಬರಿಯ ತಾಳ ಹಿಡಿಯುವುದಿಲ್ಲ, ಪ್ರತಿ ಸಾಲಿಗೂ ಉತ್ತರ ಕೊಡುತ್ತಾರೆ. ಆದರೆ ‘ಮೂನ್‌ಚೈಲ್ಡ್’ ಹಾಡಿನ ಇಂಪಾದ ಆರಂಭದ ನಂತರ ಬರುವ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ ದೀರ್ಘ ಮನೋಧರ್ಮ ಭಾಗ ಎಷ್ಟು ಸಲ ಕೇಳಿದರೂ ನನಗೆ ಸಡಿಲವೆನಿಸುತ್ತದೆ.

‘ರೆಡ್’ ಇದಕ್ಕೆ ತೀರ ಬೇರೆಯಾದದ್ದು. 1974ರ ಬೇಸಿಗೆಯಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಇದನ್ನು ಮುದ್ರಿಸುವಾಗ ಪಿಟೀಲು ವಾದಕ ಡೇವಿಡ್ ಕ್ರಾಸ್ ಹೊರಟುಹೋಗಿದ್ದರು. ಉಳಿದವರು ಫ್ರಿಪ್, ಬೇಸ್ ಗಿಟಾರ್ ನುಡಿಸುತ್ತ ಹಾಡುವ ಜಾನ್ ವೆಟನ್, ಡ್ರಮ್ಸ್‌ನ ಬಿಲ್ ಬ್ರೂಫರ್ಡ್ ಮೂವರೇ. ಸಂಖ್ಯೆ ಕಡಿಮೆಯಾದಂತೆ ನಾದದ ತೂಕ ಹೆಚ್ಚಿರುವುದು ಶೀರ್ಷಿಕೆ ಕೃತಿಯ ಮೊದಲ ಕೆಲವು ಕ್ಷಣಗಳಲ್ಲೇ ತಿಳಿಯುತ್ತದೆ. ಹನ್ನೆರಡು ನಿಮಿಷಗಳ ‘ಸ್ಟಾರ್‌ಲೆಸ್’ ಈ ಬ್ಯಾಂಡಿನ ಅತ್ಯುತ್ತಮ ರಚನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೆಟನ್ ಅವರ ವಿಷಾದದ ಹಾಡು ಮುಗಿದ ಮೇಲೆ ಹದಿಮೂರು ಎಣಿಕೆಯ ಆವರ್ತ ತೊಡಗುತ್ತದೆ. ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಪಟ್ಟುಹಿಡಿದು ಮೀಟುತ್ತ, ಬಹಳ ತಡವಾಗಿ, ಇಷ್ಟಿಷ್ಟೇ ಮೇಲೇರುತ್ತಾರೆ. ಬ್ರೂಫರ್ಡ್ ಮೊದಮೊದಲು ಸಣ್ಣ ತಾಳವಾದ್ಯಗಳಲ್ಲಿ ಅಲ್ಲೊಂದು ಇಲ್ಲೊಂದು ಪೆಟ್ಟು ಕೊಡುತ್ತಾರಷ್ಟೇ. ಒತ್ತಡ ಕೊನೆಗೆ ಒಡೆದು, ಆರಂಭದ ರಾಗಭಾವವನ್ನು ಸ್ಯಾಕ್ಸೋಫೋನ್ ಎತ್ತಿಕೊಳ್ಳುವಾಗ ಈಗಲೂ ನನ್ನ ಮೈನವಿರೇಳುತ್ತದೆ. 1969ರ ಕೊನೆಯಲ್ಲೇ ಬ್ಯಾಂಡ್ ತೊರೆದಿದ್ದ ಮೆಕ್‌ಡೊನಾಲ್ಡ್ ಈ ಆಲ್ಬಂನಲ್ಲಿ ಅತಿಥಿಯಾಗಿ ನುಡಿಸಿದ್ದಾರೆ. ಕ್ರಾಸ್ ಇದ್ದಾಗಿನ ಕಛೇರಿಯಿಂದ ಆಯ್ದ ‘ಪ್ರಾವಿಡೆನ್ಸ್’ ಕೂಡ ಪೂರ್ತಿ ಮನೋಧರ್ಮವೇ. ಆದರೆ ಇಲ್ಲಿ ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳುತ್ತಿರುವುದು ಸ್ಪಷ್ಟವಾಗಿರುವುದರಿಂದ ‘ಮೂನ್‌ಚೈಲ್ಡ್’ನ ಸಡಿಲತೆ ಇದಕ್ಕಿಲ್ಲ. ಆಲ್ಬಂ ಹೊರಬರುವ ಮೊದಲೇ ಫ್ರಿಪ್ ಬ್ಯಾಂಡನ್ನು ವಿಸರ್ಜಿಸಿದ್ದರು.

1981ರ ‘ಡಿಸಿಪ್ಲಿನ್’ನಲ್ಲಿ ಮೆಲೊಟ್ರಾನೂ ಇಲ್ಲ, ಸ್ಯಾಕ್ಸೋಫೋನೂ ಇಲ್ಲ. ಅಮೆರಿಕದ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ಮತ್ತು ಬೇಸ್ ವಾದಕ ಟೋನಿ ಲೆವಿನ್ ಸೇರಿದ ಈ ತಂಡದಲ್ಲಿ ಎರಡು ಗಿಟಾರ್‌ಗಳು ಚಾಪೆಯ ಹೆಣಿಗೆಯಂತೆ ಒಂದರೊಳಗೊಂದು ಹೊಕ್ಕು ಬರುತ್ತವೆ. ‘ಫ್ರೇಮ್ ಬೈ ಫ್ರೇಮ್’ನಲ್ಲಿ ಫ್ರಿಪ್ ಮತ್ತು ಬೆಲ್ಯೂ ಒಟ್ಟಿಗೆ ಹೊರಟು, ಒಬ್ಬರು ಒಂದು ಸ್ವರ ಕಡಿಮೆ ನುಡಿಸುವುದರಿಂದ ಸುತ್ತುಸುತ್ತಿಗೂ ದೂರವಾಗಿ, ಮತ್ತೆ ಬಂದು ಕೂಡುತ್ತಾರೆ. ಕರ್ನಾಟಕ ಸಂಗೀತದ ತನಿ ಆವರ್ತನದ ಲೆಕ್ಕಾಚಾರವನ್ನು ಬೆರಳೆಣಿಸಿ ಸವಿಯುವ ನಮ್ಮ ಕೇಳುಗರಿಗೆ ಮೂರರಲ್ಲಿ ಬೇಗ ಒಲಿಯುವುದು ಬಹುಶಃ ಇದೇ. ಆದರೂ ‘ಸ್ಟಾರ್‌ಲೆಸ್’ ನೀಡುವ ನೋವಿನ ಆಳ ನನಗೆ ಇದರಲ್ಲಿ ಸಿಗುವುದಿಲ್ಲ.

ಹೀಗಾಗಿ ಹೊಸಬರಿಗೆ ನಾನು ಮೊದಲು ಕೊಡುವುದು ‘ರೆಡ್’. ಅದರ ಗಡಸುತನ ಹಿಡಿಸದಿದ್ದರೆ 1969ರ ಆಲ್ಬಂಗೆ ಹೋಗಬಹುದು. ಅದನ್ನು 2009ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಶ್ರಣ (ರೀಮಿಕ್ಸ್) ಮಾಡಿದ ಆವೃತ್ತಿಯಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ‘ಮೂನ್‌ಚೈಲ್ಡ್’ ಕೂಡ ಅದರಲ್ಲಿ ಮೊಟಕಾಗಿದೆ.