ಸ್ಟುಡಿಯೋ ರೆಕಾರ್ಡಿಂಗ್‌ಗೆ ಯಾವ ಆಂಪ್? ನನ್ನ ಓಟು 5 ವ್ಯಾಟ್‌ಗೆ

ರೆಕಾರ್ಡಿಂಗ್‌ಗೆ ಗಿಟಾರ್ ಆಂಪ್ ಹುಡುಕುತ್ತಿದ್ದರೆ ಕಣ್ಣು ಮುಚ್ಚಿಕೊಂಡು 5 ವ್ಯಾಟ್‌ನ ಪುಟ್ಟ ಟ್ಯೂಬ್ (ಗಾಜಿನ ವಾಲ್ವ್) ಆಂಪ್ ತಗೊಳ್ಳಿ. ಎರಡು 12 ಇಂಚಿನ ಸ್ಪೀಕರ್ ಇರುವ 50 ವ್ಯಾಟ್ ಟ್ಯೂಬ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು), ಒಂದು ಆಂಪ್ ಮಾಡೆಲರ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆ), ಈ ಪುಟಾಣಿ, ಮೂರನ್ನೂ ಇಟ್ಟುಕೊಂಡು ನೋಡಿದ ಮೇಲೆ ಹೇಳುತ್ತಿದ್ದೇನೆ. ಕಾಂಬೊ ಮಾರಿಯಾಯಿತು.

ಅದರ ತಾಪತ್ರಯವೆಲ್ಲ ವಾಲ್ಯೂಮ್ ನಾಬ್‌ನದು. ಸದ್ದಿನ ಒರಟುತನ ಉಳಿಸಿಕೊಂಡು ಜೋರನ್ನಷ್ಟೇ ಇಳಿಸುವ ಮಾಸ್ಟರ್ ವಾಲ್ಯೂಮ್ ಎಂಬ ಇನ್ನೊಂದು ನಾಬ್ ಇರಲಿಲ್ಲ. ಸೊನ್ನೆಯಲ್ಲಿ ಸದ್ದೇ ಇಲ್ಲ, ಎರಡಕ್ಕೆ ಬರುವಷ್ಟರಲ್ಲಿ ಕಿಟಕಿ ಗಾಜು ನಡುಗುತ್ತಿತ್ತು. ಕೋಣೆಯಲ್ಲಿ ರೆಕಾರ್ಡ್ ಮಾಡಲು ಸಿಗುವುದು ಇವೆರಡರ ನಡುವಿನ ಕೂದಲೆಳೆಯಷ್ಟು ಜಾಗ. ಇವತ್ತು ರಿದಮ್ ಬಾರಿಸಿ, ನಾಳೆ ಅದರಲ್ಲಿ ಎರಡು ಬಾರ್ ಸರಿಮಾಡಬೇಕು ಅಂದ್ಕೊಳ್ಳಿ. ನಾಬ್ ಚೂರು ಅಲುಗಿದ್ದರೂ ಹೊಸ ತುಣುಕು ಹಳೆಯದರ ಜೊತೆ ಕೂರುವುದಿಲ್ಲ. ಪ್ಯಾನೆಲ್ ಮೇಲೆ ಟೇಪ್ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆದೆ. ಆ ಗೆರೆಯ ದಪ್ಪದೊಳಗೇ ಸದ್ದು ಬದಲಾಗುತ್ತಿತ್ತು!

ಅಷ್ಟು ಕಡಿಮೆ ಇಟ್ಟರೆ ಸ್ಪೀಕರ್ ಓಡಿಸುವ ಪವರ್ ಟ್ಯೂಬ್‌ಗಳಿಗೆ ಕೆಲಸವೂ ಇಲ್ಲ. ಜೋರಾಗಿ ಬಾರಿಸಿದರೆ ತುಸು ಒರಟಾಗಿ, ಮೆಲ್ಲಗೆ ಬಾರಿಸಿದರೆ ತಿಳಿಯಾಗಿ ಬರುವ ಸದ್ದು ನನಗೆ ಬೇಕು. ಅದಕ್ಕೆ ನಾಬ್ ಆರು ದಾಟಬೇಕಿತ್ತು. ಆಂಪ್‌ಗೂ ಸ್ಪೀಕರ್‌ಗೂ ನಡುವೆ, ಸ್ಪೀಕರ್‌ಗೆ ಹೋಗುವ ಪವರ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿದೆ. ಸದ್ದೇನೋ ಇಳಿಯಿತು, ಆದರೆ ಇಳಿಸಿದಷ್ಟೂ ಕಂಬಳಿ ಹೊದೆಸಿದ ಹಾಗೆ ಮಂಕಾಯಿತು.

5 ವ್ಯಾಟ್ ಅಂದ ಮಾತ್ರಕ್ಕೆ ಸದ್ದು 50 ವ್ಯಾಟ್‌ನ ಹತ್ತನೇ ಒಂದು ಪಾಲು ಆಗುವುದಿಲ್ಲ. ಅದೇ ಸ್ಪೀಕರ್‌ನಲ್ಲಿ ವ್ಯತ್ಯಾಸ 10 ಡೆಸಿಬೆಲ್, ಕಿವಿಗೆ ಸುಮಾರು ಅರ್ಧ. ಹಾಗಾಗಿ ಇದೂ ರಾತ್ರಿ ಹೊತ್ತಿಗೆ ಆಗದು. ಆದರೆ ಹಗಲಲ್ಲಿ ಆರಾಮಾಗಿ ಏಳಕ್ಕೆ ಇಡುತ್ತೇನೆ. ಅಲ್ಲಿ ನಾಬ್ ಸ್ವಲ್ಪ ಸರಿದರೂ ಸದ್ದು ನೆಗೆಯುವುದಿಲ್ಲ, ಟ್ಯೂಬ್ ಆಗಲೇ ತನ್ನ ಮಿತಿ ಮುಟ್ಟಿರುತ್ತದೆ. 8 ಇಂಚಿನ ಸ್ಪೀಕರ್‌ನ ಬಟ್ಟೆಗೆ ಹತ್ತಿರವಾಗಿ ಶೂರ್ ಎಸ್‌ಎಂ57 ಮೈಕ್ ಇಡುತ್ತೇನೆ. ನಟ್ಟನಡುವಿನಿಂದ ಎರಡು ಬೆರಳಿನಷ್ಟು ಅಂಚಿಗೆ ಸರಿಸಿದರೆ ಚುಚ್ಚುವ ಟ್ರೆಬಲ್ ತಗ್ಗುತ್ತದೆ. ಈಕ್ಯೂ (ಬೇಸ್, ಟ್ರೆಬಲ್ ಹೆಚ್ಚುಕಮ್ಮಿ ಮಾಡುವ ಸಾಧನ) ಮುಟ್ಟುವ ಕೆಲಸವೇ ಇಲ್ಲ.

ಬೇಸ್ ಕಡಿಮೆ, ನಿಜ. ಮಿಕ್ಸ್‌ನಲ್ಲಿ ಬೇಸ್ ಗಿಟಾರ್‌ಗೆ ಜಾಗ ಬಿಡಲು ನಾನೇ ಅದನ್ನು ಕತ್ತರಿಸುತ್ತಿದ್ದೆ, ಅಲ್ವಾ?

ಹಮ್ ಸ್ವಲ್ಪ ಜಾಸ್ತಿ. ಪವರ್ ಟ್ಯೂಬ್ ಜೋಡಿಯಿದ್ದರೆ ಒಂದಕ್ಕೊಂದು ಹೊಡೆದುಹಾಕುತ್ತಿದ್ದ ಗುಂಯ್ ಸದ್ದು ಈ ಪುಟಾಣಿಯ ಒಂಟಿ ಟ್ಯೂಬ್‌ನಲ್ಲಿ ಉಳಿದುಬಿಡುತ್ತದೆ. ಹಾಡಿನ ನಡುವೆ ಕೇಳಿಸದು. ಕೊನೆಯ ಕಾರ್ಡ್ ನಿಧಾನಕ್ಕೆ ಆರುವಾಗ ಮಾತ್ರ ಕೇಳಿಸುತ್ತದೆ.

ಮಾಡೆಲರ್ ಹೆಡ್‌ಫೋನ್‌ಗೆ ಹೇಳಿ ಮಾಡಿಸಿದ್ದು. ಆದರೆ ಅದರೊಳಗಿನ ಕ್ಯಾಬಿನೆಟ್ಟು, ಮೈಕುಗಳನ್ನು ಆರಿಸುವುದರಲ್ಲೇ ನನ್ನ ಸಂಜೆ ಕಳೆದುಹೋಗುತ್ತದೆ. ರಾತ್ರಿ ಹೊಳೆದದ್ದನ್ನು ಅದರಲ್ಲಿ ಹಿಡಿದಿಟ್ಟು, ಬೆಳಿಗ್ಗೆ ಪುಟಾಣಿಯಲ್ಲಿ ಮತ್ತೆ ಬಾರಿಸುತ್ತೇನೆ.

ನಾನು ಒಬ್ಬನೇ, ಒಂದು ಪಾರ್ಟ್ ಮೇಲೆ ಇನ್ನೊಂದು ಪಾರ್ಟ್ ಬಾರಿಸುವವನು. ಒಂದು ಆಂಪ್, ಒಂದು ಮೈಕ್‌ಗಷ್ಟೇ ಬಜೆಟ್. ಡ್ರಮ್ಸ್ ಜೊತೆ ಒಟ್ಟಿಗೆ ನಿಂತು, ಒಂಚೂರೂ ಒಡೆಯದ ಕ್ಲೀನ್ ಸದ್ದು ಬೇಕೆನ್ನುವವರಿಗೆ ಈ 5 ವ್ಯಾಟ್ ಸಾಲದು. ಅವರು ದೊಡ್ಡದನ್ನೇ ನೋಡಲಿ, ಆದರೆ ಮಾಸ್ಟರ್ ವಾಲ್ಯೂಮ್ ಇರುವುದನ್ನು.