ಯಾರು ಯಾವ ಫೋಲ್ಡರ್ ತೆರೆದರು? ಫೈಲ್ ಸರ್ವರ್ ಮೇಲೆ ಕಣ್ಣಿಡುವ ನಾಲ್ಕು ದಾರಿಗಳ ಹೋಲಿಕೆ

ಅಕೌಂಟ್ಸ್ ವಿಭಾಗದ ಲಾಗಿನ್ ಒಂದು ರಾತ್ರಿ ಹನ್ನೊಂದು ಗಂಟೆಗೆ ಎಚ್‌ಆರ್ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆಯುತ್ತಿದೆ ಎನ್ನಿ. ಆ ಗ್ರೂಪಿಗೆ ಹಿಂದೆಂದೋ ಯಾರೋ ರೀಡ್ ಪರ್ಮಿಶನ್ ಕೊಟ್ಟಿದ್ದರೆ ಫೈರ್‌ವಾಲ್‌ಗಾಗಲಿ ಆಂಟಿವೈರಸ್‌ಗಾಗಲಿ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕದ್ದ ಪಾಸ್‌ವರ್ಡ್ ಇಟ್ಟುಕೊಂಡು ಒಳಗೆ ಬಂದವರು ಸಿಕ್ಕಿಬೀಳುವುದು ಇಲ್ಲೇ, ಅದೂ ಸರಿಯಾದ ಲಾಗ್ ಇದ್ದರೆ ಮಾತ್ರ. ವಿಂಡೋಸ್ ಫೈಲ್ ಸರ್ವರ್ ಇರುವ ಕಡೆ ಇದಕ್ಕೆ ಬಳಸಿ ನೋಡಿದ ದಾರಿಗಳು ನಾಲ್ಕು: ವಿಂಡೋಸ್ ತನ್ನ ಸೆಕ್ಯುರಿಟಿ ಲಾಗ್‌ನಲ್ಲಿ ಬರೆಯುವ 4663 ಈವೆಂಟ್ (ಫೈಲ್ ಅಥವಾ ಫೋಲ್ಡರ್ ಮುಟ್ಟಿದ ದಾಖಲೆ) ಮತ್ತು 5145 ಈವೆಂಟ್ (ಶೇರ್, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್ ಮೂಲಕ ಬಂದವರ ದಾಖಲೆ), ನೆಟ್‌ವರ್ಕ್ ಸಂಚಾರ ನೋಡಿ ಲಾಗ್ ಬರೆಯುವ ತಂತ್ರಾಂಶ ಝೀಕ್, ಬಲೆ ಫೋಲ್ಡರ್.

ಮೊದಲು 5145. ಏನೇನು ಲಾಗ್ ಆಗಬೇಕೆಂದು ಹೇಳುವ ವಿಂಡೋಸ್ ಆಡಿಟ್ ಪಾಲಿಸಿಯಲ್ಲಿ ‘ಡಿಟೇಲ್ಡ್ ಫೈಲ್ ಶೇರ್’ ಆನ್ ಮಾಡಿದರೆ ಸಾಕು, ಫೋಲ್ಡರ್ ಮೇಲೆ ಬೇರೆ ಸೆಟ್ಟಿಂಗ್ ಬೇಡ. ಅಕೌಂಟ್ ಹೆಸರು, ಕ್ಲೈಂಟ್ ಐಪಿ, ಶೇರ್, ಒಳಗಿನ ಪಾತ್ ಎಲ್ಲವೂ ಒಂದೇ ಈವೆಂಟಿನಲ್ಲಿ ಸಿಗುತ್ತವೆ. ಕೇಳಲು ಚೆನ್ನಾಗಿದೆ, ಆದರೆ ಸರ್ವರ್‌ನ ಯಾವುದೋ ಒಂದು ಶೇರ್‌ಗೆ ಮಾತ್ರ ಇದನ್ನು ಸೀಮಿತಗೊಳಿಸಲು ಬರುವುದಿಲ್ಲ. ಎಲ್ಲ ಶೇರ್‌ಗಳ ಎಲ್ಲ ಫೈಲ್‌ಗಳೂ ಲಾಗ್ ಆಗುತ್ತವೆ. ಸೆಕ್ಯುರಿಟಿ ಲಾಗ್ ಡೀಫಾಲ್ಟ್ 20 ಎಂಬಿಯಲ್ಲೇ ಇದ್ದರೆ ಬ್ಯುಸಿ ಸರ್ವರ್‌ನಲ್ಲಿ ಬೆಳಗಿನ ಲಾಗ್ ಮಧ್ಯಾಹ್ನದೊಳಗೆ ಅಳಿಸಿಹೋಗಿರುತ್ತದೆ. ಇನ್ನೊಂದು ಗುಂಡಿ ಇದಕ್ಕಿಂತ ಆಳ: 5145ರಲ್ಲಿ ಫೇಲ್ಯೂರ್ ಬರುವುದು ಶೇರ್ ಮಟ್ಟದಲ್ಲಿ ತಡೆದಾಗ ಮಾತ್ರ. ಎನ್‌ಟಿಎಫ್‌ಎಸ್ ಪರ್ಮಿಶನ್ (ಡಿಸ್ಕ್‌ನಲ್ಲಿರುವ ಫೈಲ್, ಫೋಲ್ಡರ್ ಮೇಲೆಯೇ ಇಟ್ಟ ಅನುಮತಿ) ತಡೆದರೆ ಇಲ್ಲಿ ಸದ್ದೇ ಇಲ್ಲ. ‘ಆಕ್ಸೆಸ್ ಡಿನೈಡ್ ಬಂದರೆ ಅಲಾರಂ’ ಎಂದು 5145ರ ಮೇಲೆ ರೂಲ್ ಬರೆದು ನೆಮ್ಮದಿಯಾಗಿರುವವರು ಇದನ್ನು ಇವತ್ತೇ ನೋಡಿಕೊಳ್ಳಬೇಕು.

4663ಕ್ಕೆ ಕೆಲಸ ಹೆಚ್ಚು, ಫಲವೂ ಹೆಚ್ಚು. ಆಡಿಟ್ ಪಾಲಿಸಿಯ ‘ಫೈಲ್ ಸಿಸ್ಟಮ್’ ಸಬ್‌ಕೆಟಗರಿಯನ್ನು ಸಕ್ಸೆಸ್, ಫೇಲ್ಯೂರ್ ಎರಡಕ್ಕೂ ಆನ್ ಮಾಡಿ. ಆಮೇಲೆ ಕಾಯಬೇಕಾದ ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಆಡಿಟಿಂಗ್‌ಗೆ ಹೋಗಿ ‘ಎವರಿವನ್’ ಸೇರಿಸಿ ‘ಲಿಸ್ಟ್ ಫೋಲ್ಡರ್ / ರೀಡ್ ಡೇಟಾ’ ಒಂದಕ್ಕೇ ಟಿಕ್ ಹಾಕಿ. ‘ಫುಲ್ ಕಂಟ್ರೋಲ್’ ಆರಿಸಿದರೆ ಬರೀ ಆಟ್ರಿಬ್ಯೂಟ್ ಓದಿದ್ದಕ್ಕೂ ಈವೆಂಟ್ ಬಂದು ಲಾಗ್ ಕೆಸರಾಗುತ್ತದೆ. ದೊಡ್ಡ ಫೋಲ್ಡರ್ ಮರವಾದರೆ ಈ ಸೆಟ್ಟಿಂಗ್ ಪ್ರತಿ ಫೈಲಿಗೂ ಇಳಿಯಲು ಹೊತ್ತು ಹಿಡಿಯುತ್ತದೆ, ರಾತ್ರಿ ಹಚ್ಚಿ.

ಈಗ ಒಂದು ಈವೆಂಟ್ ಬಿಡಿಸಿ ನೋಡೋಣ. ಪ್ರೋಸೆಸ್ ಐಡಿ 4, ಪ್ರೋಸೆಸ್ ಹೆಸರು ಖಾಲಿ ಇದ್ದರೆ ಅದು ನೆಟ್‌ವರ್ಕ್ ಮೂಲಕ ಬಂದದ್ದು. ಸರ್ವರ್‌ನಲ್ಲೇ ಕೂತು ತೆರೆದಿದ್ದರೆ ಎಕ್ಸ್‌ಪ್ಲೋರರ್‌ನಂಥ ಹೆಸರು ಇರುತ್ತದೆ. ಐಪಿ ಇಲ್ಲಿ ಇರುವುದಿಲ್ಲ. ಲಾಗಾನ್ ಐಡಿ (ಆ ಲಾಗಿನ್‌ಗೆ ಸರ್ವರ್ ಕೊಟ್ಟ ಗುರುತು) ಹಿಡಿದು ಅದೇ ಸರ್ವರ್‌ನ 4624, ಟೈಪ್ 3 ಈವೆಂಟಿಗೆ, ಅಂದರೆ ನೆಟ್‌ವರ್ಕ್ ಮೂಲಕ ಲಾಗಿನ್ ಆದ ದಾಖಲೆಗೆ ಜೋಡಿಸಬೇಕು. ಸರ್ವರ್ ರೀಬೂಟ್ ಆದರೆ ಆ ಐಡಿಗಳು ಮತ್ತೆ ಬರಬಹುದು, ಹಾಗಾಗಿ ಸಮಯವನ್ನೂ ಸೇರಿಸಿ ಜೋಡಿಸಿ. ಆಬ್ಜೆಕ್ಟ್ ಟೈಪ್ ಫೋಲ್ಡರ್‌ಗೂ ‘ಫೈಲ್’ ಎಂದೇ ಬರುತ್ತದೆ. ಫೋಲ್ಡರ್ ಪಟ್ಟಿ ನೋಡಿದ್ದು, ಫೈಲ್ ಓದಿದ್ದು ಎರಡಕ್ಕೂ ಆಕ್ಸೆಸ್ ಮಾಸ್ಕ್‌ನಲ್ಲಿ (ಏನು ಮಾಡಿದರೆಂದು ಹೇಳುವ ಸಂಖ್ಯೆ) ಅದೇ 1. ಎರಡನ್ನೂ ಬೇರ್ಪಡಿಸಲು ಸುಲಭ ಉಪಾಯ, ಆಡಿಟಿಂಗ್‌ನ ವ್ಯಾಪ್ತಿಯನ್ನು ‘ಈ ಫೋಲ್ಡರ್ ಮತ್ತು ಸಬ್‌ಫೋಲ್ಡರ್’ ಎಂದು ಇಡುವುದು. ಗದ್ದಲವೂ ಗಣನೀಯವಾಗಿ ಇಳಿಯುತ್ತದೆ. ಆದರೆ ಪೂರ್ತಿ ಪಾತ್ ಗೊತ್ತಿರುವ ಸ್ಕ್ರಿಪ್ಟ್ ಪಟ್ಟಿ ಕೇಳದೆ ನೇರ ಫೈಲ್ ತೆರೆದರೆ ತಪ್ಪಿಸಿಕೊಳ್ಳುತ್ತದೆ. ಸಂಬಳ, ಟೆಂಡರ್‌ನಂಥ ಫೋಲ್ಡರ್‌ಗಳಿಗೆ ಫೈಲ್‌ಗಳನ್ನೂ ಸೇರಿಸಲೇಬೇಕು. ತಡೆದ ಪ್ರಯತ್ನಗಳು 4663ರಲ್ಲಿ ಬರುವುದಿಲ್ಲ, ತೆರೆಯಲು ಅನುಮತಿ ಕೇಳಿದ್ದನ್ನು ದಾಖಲಿಸುವ 4656ರ ಫೇಲ್ಯೂರ್‌ನಲ್ಲಿ ಹುಡುಕಿ.

ಝೀಕ್‌ಗೆ ಸರ್ವರ್ ಮುಟ್ಟುವ ಅಗತ್ಯವಿಲ್ಲ, ಸ್ವಿಚ್‌ನಲ್ಲಿ ಮಿರರ್ ಪೋರ್ಟ್ (ಸಂಚಾರದ ನಕಲು ಕಳಿಸುವ ಪೋರ್ಟ್) ಕೊಟ್ಟರೆ ಎಸ್‌ಎಂಬಿ, ಅಂದರೆ ವಿಂಡೋಸ್ ಫೈಲ್ ಹಂಚಿಕೆಯ ಪ್ರೋಟೋಕಾಲ್‌ನ ಲಾಗ್ ತಾನೇ ಬರೆಯುತ್ತದೆ. ಹಳೆಯ ಸ್ಟೋರೇಜ್ ಪೆಟ್ಟಿಗೆಗಳಿಗೆ ಇದೇ ಗತಿ. ಬಳಕೆದಾರರ ಹೆಸರು ಮಾತ್ರ ಅದೇ ಸಾಲಿನಲ್ಲಿ ಇರುವುದಿಲ್ಲ. ವಿಂಡೋಸ್‌ನಲ್ಲಿ ಲಾಗಿನ್ ಪರೀಕ್ಷಿಸುವ ಎರಡು ವಿಧಾನಗಳಲ್ಲಿ ಎನ್‌ಟಿಎಲ್‌ಎಂ ಆದರೆ ಕನೆಕ್ಷನ್ ಐಡಿಯಿಂದ ಸಿಗುತ್ತದೆ. ಕೆರ್ಬೆರೋಸ್ ಆದರೆ ಟಿಕೆಟ್ (ಲಾಗಿನ್‌ನ ಪುರಾವೆ) ಕೇಳಿದ ಕನೆಕ್ಷನ್ನೇ ಬೇರೆ, ಐಪಿ ಮತ್ತು ಸಮಯ ನೋಡಿ ಊಹಿಸಬೇಕು. ಎಸ್‌ಎಂಬಿ 3 ಎನ್‌ಕ್ರಿಪ್ಶನ್ ಆನ್ ಆದ ದಿನ ಪಾತ್‌ಗಳು ಕಾಣುವುದೂ ನಿಂತುಹೋಗುತ್ತದೆ. ಎನ್‌ಕ್ರಿಪ್ಶನ್ ಬೇಕೇ ಬೇಕು, ಆದ್ದರಿಂದ ಇದನ್ನು ಮುಖ್ಯ ದಾರಿಯಾಗಿ ನಂಬಬಾರದು.

ಬಲೆ ಫೋಲ್ಡರ್ ಅಗ್ಗದ್ದು, ಚಿಕ್ಕ ತಂಡಕ್ಕೆ ಮೊದಲು ಇದನ್ನೇ ಹೇಳುತ್ತೇವೆ. ಕೆಲಸಕ್ಕೆ ಬೇಡದ, ಆದರೆ ನೋಡಿದರೆ ಆಸೆ ಹುಟ್ಟಿಸುವ ಹೆಸರಿನ ಫೋಲ್ಡರ್ ಮಾಡಿ, ಒಳಗೆ ಎರಡು ಮೂರು ಫೈಲ್ ಇಟ್ಟು 4663 ಆಡಿಟಿಂಗ್ ಹಚ್ಚಿ. ಬ್ಯಾಕಪ್ ಮತ್ತು ಆಂಟಿವೈರಸ್ ಸರ್ವಿಸ್ ಅಕೌಂಟ್‌ಗಳನ್ನು ರೂಲ್‌ನಿಂದ ಹೊರಗಿಡಿ. ಶೇರ್ ಡ್ರೈವ್‌ನ ಸರ್ಚ್ ಬಾಕ್ಸಿನಲ್ಲಿ ಯಾರಾದರೂ ಫೈಲ್ ಹೆಸರು ಹುಡುಕಿದರೆ ಎಕ್ಸ್‌ಪ್ಲೋರರ್ ಈ ಫೋಲ್ಡರ್ ಒಳಗೂ ಹೊಕ್ಕು ಬರುತ್ತದೆ. ಹಾಗಾಗಿ ಪಟ್ಟಿ ನೋಡಿದ್ದಕ್ಕೆ ಸಣ್ಣ ಸೂಚನೆ, ಒಳಗಿನ ಫೈಲ್ ಓದಿದ್ದಕ್ಕೆ ದೊಡ್ಡ ಅಲಾರಂ.

ವಿಂಡೋಸ್ ಚಟುವಟಿಕೆ ದಾಖಲಿಸುವ ಸಿಸ್‌ಮಾನ್‌ನ ಈವೆಂಟ್ 11, ಭದ್ರತಾ ನಿಗಾ ತಂತ್ರಾಂಶ ವಾಝುವಿನ ಫೈಲ್ ಇಂಟೆಗ್ರಿಟಿ ಮಾನಿಟರಿಂಗ್ ಇವೆಯಲ್ಲ ಎಂದು ಕೇಳುವವರಿದ್ದಾರೆ. ಮೊದಲನೆಯದು ಫೈಲ್ ಸೃಷ್ಟಿಯಾದದ್ದನ್ನು, ಎರಡನೆಯದು ಬದಲಾವಣೆಯನ್ನು ಹೇಳುತ್ತವೆ. ಬರೀ ಓದಿ ಹೋದವರ ಸುಳಿವು ಎರಡರಲ್ಲೂ ಇಲ್ಲ.

ಯಾವ ಲಾಗ್ ಆರಿಸಿದರೂ ಎಣಿಸಬೇಕಾದದ್ದು ಈವೆಂಟ್‌ಗಳನ್ನಲ್ಲ, ಆ ಅಕೌಂಟಿಗೆ ಹೊಸದಾದ ಫೋಲ್ಡರ್‌ಗಳನ್ನು. ಫೋಟೋಗಳಿರುವ ಒಂದು ಫೋಲ್ಡರ್ ತೆರೆದರೆ ಥಂಬ್‌ನೇಲ್‌ಗಾಗಿಯೇ ಹತ್ತಾರು ಈವೆಂಟ್ ಉದುರುತ್ತವೆ. ಪಾತ್ ಅನ್ನು ಶೇರ್‌ನಿಂದ ಎರಡು ಹಂತಕ್ಕೆ ಕತ್ತರಿಸಿ, 30 ದಿನದಲ್ಲಿ ಆ ಅಕೌಂಟ್ ಮುಟ್ಟಿದ ಫೋಲ್ಡರ್‌ಗಳ ಪಟ್ಟಿ ಇಟ್ಟುಕೊಳ್ಳಿ. 10 ನಿಮಿಷದಲ್ಲಿ 5 ಹೊಸ ಫೋಲ್ಡರ್ ಅಥವಾ ಅದೇ ವಿಭಾಗದ ಬೇರೆ ಯಾರೂ ಮುಟ್ಟದ ಒಂದು ಫೋಲ್ಡರ್ ಕಂಡರೆ ಅಲಾರಂ. ಇವು ಶುರುಮಾಡಲು ಕೊಟ್ಟ ಅಂಕಿಗಳು, ನಿಮ್ಮ ಸರ್ವರ್ ನೋಡಿ ಹೊಂದಿಸಿ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವವರು ವರ್ಷಕ್ಕೊಮ್ಮೆ ತೆರೆಯುವ ಫೋಲ್ಡರ್‌ಗಳು 30 ದಿನದ ಪಟ್ಟಿಯಲ್ಲಿ ಇರುವುದಿಲ್ಲ. ಆ ಅಕೌಂಟ್‌ಗಳಿಗೆ ವಿನಾಯಿತಿ ಕೊಡಿ, ಅದು ಮುಗಿಯುವ ತಾರೀಖನ್ನೂ ಅಲ್ಲೇ ಬರೆಯಿರಿ. ಮುಗಿಯುವ ತಾರೀಖಿಲ್ಲದ ವಿನಾಯಿತಿ ಇದ್ದಲ್ಲಿ ಕಳ್ಳ ಆ ಅಕೌಂಟನ್ನೇ ಬಳಸುತ್ತಾನೆ.

ಲಾಗ್ ಅನ್ನು ಬರುತ್ತಿದ್ದಂತೆಯೇ ಬೇರೆ ಯಂತ್ರಕ್ಕೆ ಕಳಿಸಿ. ಸರ್ವರ್ ಮೇಲೆ ಅಡ್ಮಿನ್ ಹಕ್ಕು ಸಿಕ್ಕವರು ಸೆಕ್ಯುರಿಟಿ ಲಾಗ್ ಅಳಿಸಿದರೆ ಅಲ್ಲಿ ಉಳಿಯುವುದು ಲಾಗ್ ಅಳಿಸಿದ್ದನ್ನು ಹೇಳುವ 1102 ಒಂದೇ, ಅದಕ್ಕೂ ಒಂದು ಅಲಾರಂ ಇರಲಿ.