ಬಿ.ಎ. ಸೈಕಾಲಜಿ: ಲ್ಯಾಬ್ ನೋಡಿ ಸೇರಿ

ಪಿಯುಸಿ ಮುಗಿಸಿದವರು ಯಾರಾದರೂ ಕೇಳುತ್ತಲೇ ಇರುತ್ತಾರೆ, 'ಅಕ್ಕಾ, ಸೈಕಾಲಜಿ ತಗೊಳ್ಳಲಾ?' ಮೈಸೂರಿನ ಒಂದು ಕಾಲೇಜಿನಲ್ಲಿ ಮೂರು ವರ್ಷ ಅದನ್ನೇ ಓದಿದ್ದೇನೆ. ತಗೊಳ್ಳಿ. ಆದರೆ ಲ್ಯಾಬ್ ನೋಡಿ ಸೇರಿ.

ನನ್ನ ಮೊದಲ ಪ್ರಯೋಗ ಕನ್ನಡಿಯದು. ಕಾಗದದ ಮೇಲೆ ಆರು ಮೂಲೆಯ ನಕ್ಷತ್ರ, ಕೈ ಕಾಣದ ಹಾಗೆ ಅಡ್ಡ ಒಂದು ಹಲಗೆ, ಎದುರಿಗೆ ಕನ್ನಡಿ. ಕನ್ನಡಿ ನೋಡಿಕೊಂಡೇ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಬೇಕು. ಹಾಸ್ಟೆಲ್ ಅಡುಗೆಮನೆಯ ಅಕ್ಕ ನನಗೆ 'ಸಬ್ಜೆಕ್ಟ್', ಅಂದರೆ ಪ್ರಯೋಗ ಮಾಡಿಸಿಕೊಳ್ಳುವವರು, ಆಗಿ ಕೂತರು. ಮೊದಲು ಎಡಗೈಯಲ್ಲಿ ಒಂದು ಸಲ ಮಾಡಿಸಿದೆ, ಆಮೇಲೆ ಬಲಗೈಯಲ್ಲಿ. 'ನನ್ ಕೈ ನನ್ ಮಾತೇ ಕೇಳ್ತಿಲ್ಲ ಕಣವ್ವ' ಅಂದರು. ಬಲಗೈಯಲ್ಲಿ ಮಾಡುತ್ತಾ ಹೋದಂತೆ ಸರದಿಯಿಂದ ಸರದಿಗೆ ತಪ್ಪು ಕಡಿಮೆಯಾಯಿತು. ಕೊನೆಗೆ ಮತ್ತೆ ಎಡಗೈಗೆ ಪೆನ್ಸಿಲ್ ಕೊಟ್ಟೆ. ನಡುವೆ ಒಂದು ಸಲವೂ ಅಭ್ಯಾಸ ಮಾಡದ ಆ ಕೈ ಮೊದಲಿಗಿಂತ ಬೇಗ ಮುಗಿಸಿತು! ಬಲಗೈ ಕಲಿತದ್ದು ಎಡಗೈಗೂ ದಾಟುತ್ತದೆ ಅನ್ನೋದನ್ನು ಕಣ್ಣಾರೆ ಕಂಡೆ.

ಇನ್ನೊಂದು ನೆನಪಿನ ಪ್ರಯೋಗ. ಜರ್ಮನಿಯ ಮನಃಶಾಸ್ತ್ರಜ್ಞ ಎಬಿಂಗ್‌ಹಾಸ್ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಅಂಥ ಪದಗಳ ನಮ್ಮ ಲ್ಯಾಬಿನ ಪಟ್ಟಿ ಇಂಗ್ಲಿಷ್ ಅಕ್ಷರಗಳದು. ಕನ್ನಡ ಮೀಡಿಯಂನಿಂದ ಬಂದವರಿಗೆ ಅಲ್ಲಿ ನೆನಪಿನ ಪರೀಕ್ಷೆ ಆಗಲ್ಲ, ಇಂಗ್ಲಿಷಿನ ಪರೀಕ್ಷೆ ಆಗುತ್ತದೆ ಅಲ್ವಾ? ಮೇಡಂ ಅದನ್ನು ಒಪ್ಪಿ, ಕನ್ನಡದಲ್ಲೇ ಪಟ್ಟಿ ಮಾಡಿ ಅಂದರು. ಹನ್ನೆರಡು ಪದ ಹುಡುಕಲು ಎರಡು ಸಂಜೆ ಬೇಕಾಯಿತು. 'ಕಪ' ಅಂದರೆ ಕೆಮ್ಮು ನೆನಪಾಗುತ್ತದೆ. 'ಚಟ'ಕ್ಕೆ ಅರ್ಥವೇ ಇದೆ. 'ಟಪ' ಅಂದ ಕೂಡಲೇ ಮಳೆಹನಿ. ಮನಸ್ಸು ಸುಮ್ನೆ ಕೂರುವುದಿಲ್ಲ, ಏನು ಕೊಟ್ಟರೂ ಅರ್ಥ ಹಚ್ಚುತ್ತದೆ. ಇದು ಯಾವ ನೋಟ್ಸಿನಿಂದಲೂ ನನಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಮೈಸೂರಿನಲ್ಲಿ ಈ ವಿಷಯ ಓದಿದ್ದಕ್ಕೆ ನನಗೆ ಹೆಮ್ಮೆಯೂ ಇದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ' ಅನ್ನೋ ರೇಡಿಯೋ ಕೇಂದ್ರ ಶುರು ಮಾಡಿದವರು.

ಬೇಸರದ ವಿಷಯಗಳೂ ಇವೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್ ಸೆಮಿಸ್ಟರ್ ನಡುವೆ ಬಿಟ್ಟು ಹೋದರು. ಆಮೇಲೆ ಬಂದವರು ನೋಟ್ಸ್ ಬರೆಸಿದರು, ಅಷ್ಟೇ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ ನಾನು ಕಲಿತದ್ದು ಪಕ್ಕದ ರೂಮಿನ ಬಿ.ಕಾಂ. ಹುಡುಗಿಯಿಂದ. ಕೌನ್ಸೆಲಿಂಗ್ ಪೇಪರ್ ಇತ್ತು, ಆದರೆ ಇಬ್ಬರು ಎದುರುಬದುರು ಕೂತು ಮಾತಾಡಿ ಅಭ್ಯಾಸ ಮಾಡಿದ್ದು ಒಂದು ದಿನವೂ ಇಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ಈ ಡಿಗ್ರಿ ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಮುಂದೆ ಎಂ.ಎಸ್ಸಿ. ಅಥವಾ ಎಂ.ಎ. ಬೇಕು, ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಒಪ್ಪಿದ ತರಬೇತಿ ಬೇಕು, ಅಲ್ಲಿ ನೋಂದಣಿಯೂ ಆಗಬೇಕು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಅಡ್ಮಿಷನ್‌ಗೆ ಮುಂಚೆ ಕಾಲೇಜಿಗೆ ಒಂದು ಸಲ ಹೋಗಿ. ಲ್ಯಾಬಿನ ಬೀರು ತೆರೆಸಿ, ಸ್ಟಾಪ್‌ವಾಚ್ ನಡೆಯುತ್ತಾ ನೋಡಿ. ಇಬ್ಬರು ಸೀನಿಯರ್‌ಗಳ ರೆಕಾರ್ಡ್ ಬುಕ್ ಕೇಳಿ ಪಕ್ಕಪಕ್ಕ ಇಡಿ. ಎರಡರಲ್ಲೂ ಅವೇ ಅಂಕಿಗಳಿದ್ದರೆ ಅಲ್ಲಿ ಪ್ರಯೋಗ ನಡೆದಿಲ್ಲ. ಬೇರೆ ಕಾಲೇಜು ಹುಡುಕಿ.